ಚೀಲದ ತೂಕ ಬಿಟ್ಟು

ನಮ್ಮನೆಯವರ ಕೈಗೆ ಏನು ಕೊಟ್ಟರೂ ಮೊದಲು ಅದರ ತೂಕ ಹೇಳ್ತಾರೆ. ಕಲ್ಲಂಗಡಿ ಕೊಡಿ, ಪಕ್ಕದ ಮನೆಯ ಕೂಸನ್ನ ಕೊಡಿ, ಮದುವೆ ಮನೆಯ ತಾಂಬೂಲದ ಚೀಲ ಕೊಡಿ, ಕೈಯಲ್ಲಿ ಒಂದು ಸಲ ಮೇಲೆ ಕೆಳಗೆ ಆಡಿಸಿ ಇಷ್ಟು ಅಂತ ಹೇಳಿಬಿಡೋದು. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಮೀಸೆ ಮೂಡೋ ಮೊದಲಿಂದ ತೂಕ ಹಾಕಿದ ಕೈ ಅದು. ಮದುವೆಯಾದ ಹೊಸದರಲ್ಲಿ ನನ್ನನ್ನೂ ಒಂದು ಸಲ ಎತ್ತಿ ತೂಕ ಹೇಳಿದ್ರು. ಆಮೇಲೆ ನಾನು ಅವರ ಹತ್ರ ಮಾತಾಡಿದ್ದು ಪಂಚಮಿ ಹಬ್ಬಕ್ಕೆ ತವರಿಗೆ ಹೋಗಿ ಬಂದ ಮೇಲೇ.

ಅಂಥ ಕೈಯನ್ನ ನಂಬಿಕೊಂಡು ನಾನು ನಾಯಿ ಹಿಡ್ಕೊಂಡು ವಿಮಾನ ಹತ್ತೋಕೆ ಹೋದೆ ನೋಡಿ.

ನಾಯಿ ನನ್ನದಲ್ಲ, ನಮ್ಮ ಅಣ್ಣನದು. ಅಣ್ಣ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆ ಮುಂದೆ ನಿಂತು ದುಡಿದವನು. ರಿಟೈರ್ ಆದ ಮೇಲೂ ಅದೇ ಕ್ವಾರ್ಟರ್ಸಲ್ಲಿ ಬಾಡಿಗೆ ಕಟ್ಕೊಂಡು ಇದ್ದ. ಪಕ್ಕದ ಸಾಲಿನ ತಮಿಳಿನವರು ಮನೆ ಖಾಲಿ ಮಾಡಿ ಹೊರಟಾಗ ಒಂದು ಬಿಳೀ ಪಾಮೇರಿಯನ್ ಮರೀನ ಅವನ ಕೈಗೆ ಹಾಕಿ ಹೋದ್ರು. ಅಂಗೈ ಮೇಲೆ ಕೂರೋ ಅಷ್ಟು. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು, ಈ ಮನೇಲಿ ಒಂದೋ ಅದಿರ್ಬೇಕು, ಇಲ್ಲಾ ನಾನಿರ್ಬೇಕು ಅಂದ್ರಂತೆ. ಇಬ್ರೂ ಇರಿ ಮಾರಾಯ್ತಿ, ಜಾಗ ಬೇಕಾದಷ್ಟಿದೆ ಅಂದನಂತೆ ಅಣ್ಣ. ಮುಂದಿನ ವಾರ ನಾನು ಹೋದಾಗ ಅತ್ತಿಗೆ ತಟ್ಟಿದ ಮೊದಲ ರೊಟ್ಟಿ ಆರಿಸಿ, ಮುರಿದು, ತುಪ್ಪ ಸವರಿ ಅದರ ತಟ್ಟೆಗೆ ಹೋಗ್ತಿತ್ತು. ನನಗೆ ಬಂದದ್ದು ಎರಡನೇದು.

ಅಣ್ಣನಿಗೆ ಒಂದು ಕೋಟಿತ್ತು. ಕುಲುಮೆ ಹತ್ರ ಕೆಲಸ ಮಾಡೋರಿಗೆ ಕೊಡ್ತಿದ್ದ ದಪ್ಪ ಖಾಕಿ ಕೋಟು. ಹಿತ್ತಾಳೆ ಗುಂಡಿ, ಮೊಣಕೈ ಹತ್ರ ಕಿಡಿ ಹಾರಿ ಸುಟ್ಟ ತೂತುಗಳು. ಕೆಲಸ ಬಿಟ್ಟ ಮೇಲೂ ಬೆಳಿಗ್ಗೆ ಹಾಲು ತರೋಕೆ, ಸಂಜೆ ಹಳೇ ಗೆಳೆಯರ ಜೊತೆ ಹೊಳೆ ಕಡೆ ತಿರುಗಾಡೋಕೆ ಅದನ್ನೇ ಹಾಕ್ಕೊಂಡು ಹೋಗೋನು. ಬಲಗಡೆ ಜೇಬಲ್ಲಿ ಬಿಸ್ಕತ್ತು. ನಾಯಿ ರಸ್ತೆ ನೋಡ್ತಾನೇ ಇರಲಿಲ್ಲ, ಆ ಜೇಬು ನೋಡ್ಕೊಂಡೇ ನಡೀತಿತ್ತು. ಅವನು ವಾಪಸ್ ಬಂದು ಗೇಟಿನ ಚಿಲಕ ತೆಗೆದ ಸದ್ದಾದ್ರೆ ಸಾಕು, ಒಳಗಿಂದ ಅತ್ತಿಗೆ ಕೂಗೋರು: "ಕೋಟು ಹೊರಗೇ ಬಿಚ್ಚಿ ಬನ್ನಿ!" ಮಸಿ, ಕಬ್ಬಿಣದ ವಾಸನೆ ಮನೆಯೊಳಗೆ ಬರಬಾರದು ಅಂತ ಹೊಸ ಸೊಸೆಯಾಗಿ ಬಂದಾಗ ಹಾಕಿದ ಕಟ್ಟಳೆ ಅದು. ಮಸಿ ಕೆಲಸ ಮುಗಿದು ವರ್ಷಗಳಾದ್ರೂ ಕಟ್ಟಳೆ ಸಡಿಲ ಆಗಲಿಲ್ಲ. ಬಾಗಿಲ ಪಕ್ಕ ಒಂದು ದೊಡ್ಡ ಮೊಳೆ. ಮೊಳೆಗೆ ಕೋಟು, ಕೋಟಿನ ಕೆಳಗೆ ನಾಯಿ.

ಹೋದ ವರ್ಷ ಒಂದು ಬೆಳಿಗ್ಗೆ ಅಣ್ಣ ಹಾಲು ತಂದ, ಕೋಟು ಮೊಳೆಗೆ ಹಾಕಿದ, ಒಳಗೆ ಬಂದು ಕುರ್ಚಿ ಮೇಲೆ ಕೂತ. ಕೂತವನು ಏಳಲಿಲ್ಲ. ಅತ್ತಿಗೆ ಕಾಫಿ ಲೋಟ ಹಿಡ್ಕೊಂಡು ಬಂದು, ತಗೊಳ್ಳಿ ಅಂತ ಎರಡು ಸಲ ಹೇಳಿದ್ರಂತೆ. ಅದೊಂದನ್ನೇ ಅವರು ಆಮೇಲೆ ಬಂದವರಿಗೆಲ್ಲ ಹೇಳ್ತಿದ್ದದ್ದು.

ಅಣ್ಣನ ಮಗಳು ಹೈದರಾಬಾದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಳೆ. ಅವ್ವನ್ನ ಜೊತೆಗೆ ಕರ್ಕೊಂಡು ಹೋಗ್ತೀನಿ ಅಂದಳು. ಮನೆ ಖಾಲಿ ಮಾಡೋ ದಿನ ಅತ್ತಿಗೆ ಒಂದೇ ಮಾತು ಹಿಡಿದ್ರು, ಅವರದ್ದು ಏನೂ ನನ್ನ ಕಣ್ಣಿಗೆ ಬೀಳಬಾರದು. ಪಂಚೆ, ಶರಟು, ಕೊಡೆ, ಚಪ್ಪಲಿ, ಎಲ್ಲಾ ಕೊಟ್ಟುಬಿಟ್ರು. ಕೋಟೂ ಗುಜರಿಗೆ ಹೋಯ್ತು ಅಂತಲೇ ಅವರು ತಿಳ್ಕೊಂಡಿದ್ದು. ಆದ್ರೆ ಅದನ್ನ ಮೊಳೆಯಿಂದ ತೆಗೆದ್ರೆ ನಾಯಿ ಜೋತುಬಿದ್ದು ಬಂತು, ಬಿಡಲೇ ಇಲ್ಲ. ನಾಯಿಗೂ ಹೈದರಾಬಾದಿನಲ್ಲಿ ಜಾಗ ಇರಲಿಲ್ಲ, ಮಗಳ ಬಾಡಿಗೆ ಮನೆಯವರು ನಾಯಿ ಬೇಡ ಅಂದಿದ್ರು. ಹಾಗಾಗಿ ಎರಡೂ ಸೇರಿ ಶಿವಮೊಗ್ಗದ ವಿದ್ಯಾನಗರಕ್ಕೆ, ನಮ್ಮ ಮನೆಗೆ ಬಂದ್ವು. ಕಾರಲ್ಲಿ ಬರೋವಾಗ ಅದು ಭದ್ರಾವತಿ ದಾಟೋ ಮೊದಲೇ ವಾಂತಿ ಮಾಡ್ಕೊಳ್ತು. ನನ್ನ ರೇಷ್ಮೆ ಸೀರೆ ಮೇಲೆ.

ಅದಕ್ಕೆ ಅಣ್ಣ ಇಟ್ಟ ಒಂದು ಹೆಸರಿತ್ತು. ನನಗೆ ಆ ಹೆಸರಲ್ಲಿ ಕರೆಯೋಕೆ ಬಾಯಿ ಬರಲಿಲ್ಲ. ನಾನು ಮಾರಾಯ್ತಿ ಅಂದೆ, ಅದು ತಿರುಗಿ ನೋಡ್ತು, ಹಾಗೇ ಆಯ್ತು.

ಆಮೇಲಿನ ತಿಂಗಳುಗಳು ನನಗೆ ಈಗ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಾಗ್ತವೆ. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಸರೀತಿತ್ತು, ಅದರ ಹಿಂದೇ ನಾಯಿಯೂ ಸರ್ಕೊಂಡು ಹೋಗಿ ಮಲಗ್ತಿತ್ತು, ನಾನು ಚಾಪೆ ಮೇಲೆ ಅಡ್ಡಾಗಿ ಅದರ ಹೊಟ್ಟೆ ಏರೋದು ಇಳಿಯೋದು ನೋಡ್ತಾ ಹಾಗೇ ಕಣ್ಣು ಮುಚ್ತಿದ್ದೆ. ಎದ್ದಾಗ ಅದು ನನ್ನ ಕಾಲಿಗೆ ಒರಗಿರೋದು. ನಮಗೆ ಮಕ್ಕಳಿಲ್ಲ. ಇದನ್ನ ಅಳೋಕೆ ಹೇಳ್ತಿಲ್ಲ, ಮನೇಲಿ ಇನ್ನೊಂದು ಉಸಿರಿನ ಸದ್ದು ಹೇಗಿರುತ್ತೆ ಅನ್ನೋದು ನನಗೆ ಆವಾಗ ಗೊತ್ತಾಯ್ತು ಅಷ್ಟೆ. ಸಂಜೆ ಆದ್ರೆ ಮಾತ್ರ ಅದು ಎದ್ದು ಹೋಗಿ ಬಾಗಿಲ ಹತ್ರ ಕೂರ್ತಿತ್ತು. ಚಿಲಕದ ಸದ್ದಿಗೆ ಕಾಯ್ತಿತ್ತು. ನಾನೂ ಅದರ ಪಕ್ಕ ಮೆಟ್ಟಿಲ ಮೇಲೆ ಕೂರ್ತಿದ್ದೆ.

ನಮ್ಮನೆಯವರಂತೂ ಕೇಳ್ಬೇಡಿ. ಮಡಿ ಬಟ್ಟೆಗೆ ನಾಯಿ ಕೂದಲು ಸೇರಿದ್ರೆ ಒಗೆಯೋರ್ಯಾರು, ಪೂಜೆ ಕೋಣೆ ಕಡೆ ಬಂದ್ರೆ ನೋಡ್ಕೊ ಅಂತೆಲ್ಲ ಮೊದಲ ದಿನ ಭಾಷಣ ಮಾಡಿದ ಮನುಷ್ಯ, ಹದಿನೈದು ದಿನ ಆಗೋದ್ರೊಳಗೆ ಅದನ್ನ ಸ್ಕೂಟರಿನ ಮುಂದೆ ನಿಲ್ಲಿಸ್ಕೊಂಡು, ಎಡಗೈಯಲ್ಲಿ ಅದರ ಎದೆ ಹಿಡ್ಕೊಂಡು, ಆಲ್ಕೊಳ ಸರ್ಕಲ್‌ವರೆಗೆ ಗಾಳಿ ಸವಾರಿ ಮಾಡಿಸೋಕೆ ಶುರು ಮಾಡಿದ್ರು. ನಮ್ಮದು ಮಾಂಸ ಮೊಟ್ಟೆ ಇಲ್ಲದ ಮನೆ, ಅದೂ ರೊಟ್ಟಿ, ಮೊಸರನ್ನ, ಅವಲಕ್ಕಿ ತಿಂದೇ ದುಂಡಗಾಯ್ತು.

ಅತ್ತಿಗೆಗೆ ನಾನು ದಿನಾ ಸಂಜೆ ಫೋನ್ ಮಾಡ್ತಿದ್ದೆ. ಅವರು ಕೇಳ್ತಿದ್ದದ್ದು ಒಂದೇ ಮಾತು. "ಅದು ಊಟ ಮಾಡ್ತಾ?"

"ಮಾಡ್ತು ಅತ್ತಿಗೆ. ನೀವು ಮಾಡಿದ್ರಾ?"

ಅಷ್ಟಕ್ಕೇ ಅವರು ಫೋನನ್ನ ಮಗಳ ಕಡೆ ಚಾಚಿಬಿಡ್ತಿದ್ರು. ಮಗಳು ಫೋನ್ ಇಸ್ಕೊಂಡು ಆ ಕಡೆ ಹೋಗಿ ಪಿಸುಗುಟ್ತಿದ್ದಳು. "ಅತ್ತೆ, ಅವ್ವ ಅಡುಗೆ ಮನೆಗೆ ಕಾಲಿಟ್ಟಿಲ್ಲ. ನಾನು ತಟ್ಟೆಗೆ ಹಾಕಿಕೊಟ್ರೆ ಎರಡು ತುತ್ತು ಕಲಸಿ ಹಾಗೇ ಬಿಡ್ತಾಳೆ. ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಾಳೆ. ನನಗೆ ಹೆದರಿಕೆ ಆಗುತ್ತೆ." ಕೂತಲ್ಲೇ ಎಷ್ಟು ಜನಕ್ಕೆ ಬೇಕಾದ್ರೂ ರೊಟ್ಟಿ ತಟ್ಟಿ ಹಾಕ್ತಿದ್ದ ಕೈ ಅದು. ನನಗೂ ಹೆದರಿಕೆ ಆಯ್ತು.

ಆಮೇಲೆ ಮಗಳು ಬೇರೆ ಫ್ಲಾಟ್ ಹಿಡಿದಳು. ಅಲ್ಲಿ ನಾಯಿ ಸಾಕಬಹುದು. ಅವತ್ತು ಸಂಜೆ ಫೋನಲ್ಲಿ ಅತ್ತಿಗೆ ತಾವಾಗೇ ಮಾತಾಡಿದ್ರು. "ಅದನ್ನ ಕರ್ಕೊಂಡು ಬಾ ಇವಳೇ. ಅದು ಬಂದ್ರೆ ನಾನು ಎದ್ದು ಒಂದು ರೊಟ್ಟಿ ತಟ್ತೀನಿ." ಮತ್ತೆ ಅವರೇ, "ಅದನ್ನ ಮಾತ್ರ. ಅವರ ಸಾಮಾನು ಏನಾದ್ರೂ ಉಳಿದಿದ್ರೆ ತರಬೇಡ, ನನ್ನ ಕೈಲಿ ನೋಡೋಕಾಗಲ್ಲ."

ಆಗ್ಲಿ ಅತ್ತಿಗೆ ಅಂದೆ. ಫೋನ್ ಇಟ್ಟು ಅಡುಗೆ ಮನೆಗೆ ಹೋಗಿ ಪಾತ್ರೆಗಳನ್ನ ಸುಮ್ಮನೆ ಸದ್ದು ಮಾಡಿ ತೊಳೆದೆ. ಕೊಡಬೇಕು ಅಂತ ನನಗೆ ಗೊತ್ತಿತ್ತು. ಕೊಡೋಕೆ ಮನಸ್ಸಿರಲಿಲ್ಲ.

ಕರ್ಕೊಂಡು ಹೋಗೋದು ಹೇಗೆ? ಕಾರಾದ್ರೆ ವಾಂತಿ. ರೈಲಾದ್ರೆ ಗಾರ್ಡ್ ಡಬ್ಬಿಯ ಪೆಟ್ಟಿಗೇಲಿ ಅದೊಂದೇ ರಾತ್ರಿಯೆಲ್ಲಾ ಕೂರಬೇಕು, ಎದೆ ಒಡ್ಕೊಂಡು ಸಾಯುತ್ತೆ. ನಮ್ಮೂರ ಪಕ್ಕದ ಸೋಗಾನೆ ನಿಲ್ದಾಣದಿಂದ ಹೋಗೋ ವಿಮಾನದಲ್ಲಿ ಸಣ್ಣ ನಾಯೀನ ನಮ್ಮ ಜೊತೆಗೇ, ಕಾಲ ಹತ್ರ ಇಟ್ಕೊಳ್ಳೋಕೆ ಬಿಡ್ತಾರೆ ಅಂತ ಮಗಳೇ ವಿಚಾರಿಸಿ ಟಿಕೆಟ್ ಮಾಡಿದಳು. ಡಾಕ್ಟರ ಸರ್ಟಿಫಿಕೇಟ್ ಬೇಕು, ಗಾಳಿಯಾಡೋ ಮೆತ್ತನೆ ಚೀಲ ಬೇಕು, ಮತ್ತೆ ತೂಕ ಏಳು ಕೆಜಿ ದಾಟಬಾರದು. ನಾನಂತೂ ಅಲ್ಲಿವರೆಗೆ ವಿಮಾನದ ಹೊಟ್ಟೆ ಕೆಳಗಿಂದ ನೋಡಿದ್ದು ಅಷ್ಟೆ. ನಮ್ಮನೆಯವರು ನಾನಂತೂ ಬರಲ್ಲ ಮಾರಾಯ್ತಿ, ಕಾಲ ಕೆಳಗೆ ನೆಲ ಇರಲಿ ಅಂದ್ರು. ಹಾಗೆ ಹೇಳೋವಾಗ ನಾಯಿ ಮುಖ ನೋಡ್ತಿದ್ರು, ನನ್ನದಲ್ಲ.

ತೂಕದ ಮಾತು ಬಂದದ್ದೇ ತಡ, ಅದರ ಜವಾಬ್ದಾರಿ ಅವರೇ ವಹಿಸ್ಕೊಂಡ್ರು. ತಿಂಡಿ ಕಮ್ಮಿ ಮಾಡೋಣ ಅಂತ ಇಬ್ರೂ ಮಾತಾಡ್ಕೊಂಡ್ವಿ. ನಾನು ಅವರಿಗೆ ಗೊತ್ತಾಗದ ಹಾಗೆ ಮೊಸರನ್ನ ಹಾಕ್ತಿದ್ದೆ, ಅವರು ನನಗೆ ಗೊತ್ತಾಗದ ಹಾಗೆ ಚಪಾತಿ ಚೂರು ಹಾಕ್ತಿದ್ರು. ಹೊರಡೋ ಹಿಂದಿನ ದಿನ ಅದನ್ನ ಚೀಲದಲ್ಲಿ ಕೂರಿಸ್ಕೊಂಡು ಮಂಡಿಗೆ ಹೋದ್ರು. ಆಯನೂರು ಕಡೆಯ ಯಾರೋ ರೈತರ ಅಡಿಕೆ ಮೂಟೆಗಳನ್ನ ಪಕ್ಕಕ್ಕೆ ಸರಿಸಿ, ದೊಡ್ಡ ತಕ್ಕಡಿ ಮೇಲೆ ನಾಯೀನ ಇಟ್ಟು ತೂಗಿದ್ರಂತೆ. ಇಡೀ ಮಂಡಿ ಕೆಲಸ ನಿಲ್ಲಿಸಿ ಸುತ್ತ ನಿಂತು ನೋಡ್ತಂತೆ. ಮನೆಗೆ ಬಂದವರ ಮುಖ ನೋಡ್ಬೇಕಿತ್ತು ನೀವು.

"ಐದೂಮುಕ್ಕಾಲು! ಇನ್ನೂ ಒಂದು ಕೆಜಿ ರೊಟ್ಟಿ ತಿನ್ನೋಕೆ ಜಾಗ ಇದೆ. ಆರಾಮಾಗಿ ಹೋಗು."

"ಸರಿಯಾಗಿ ನೋಡಿದ್ರಾ?"

"ತೂಕದ ವಿಷಯ ನನ್ನ ಕೇಳ್ತೀಯಾ?" ಅಂದ್ರು. ನಾನು ಬಾಯಿ ಮುಚ್ಚಿದೆ.

ಚೀಲದ ತಳಕ್ಕೆ ಅಣ್ಣನ ಕೋಟನ್ನ ಮಡಚಿ ಹಾಸಿದ್ದೆ. ಆ ಕೋಟಿಲ್ಲದೆ ಅದು ಚೀಲದೊಳಗೆ ಕಾಲೇ ಇಡ್ತಿರಲಿಲ್ಲ, ಮಂಡಿಗೂ ಹಾಗೇ ಹೋಗಿದ್ದದ್ದು. ಅತ್ತಿಗೆ ಕಣ್ಣಿಗೆ ಬೀಳದ ಹಾಗೆ ಅದನ್ನ ಚೀಲದಲ್ಲೇ ವಾಪಸ್ ತರೋದು ಅಂತ ನನ್ನ ಲೆಕ್ಕ.

ಮಾರನೇ ದಿನ ಆಟೋದಲ್ಲಿ ಸೋಗಾನೆಗೆ ಹೋದ್ವಿ. ನಮ್ಮನೆಯವರನ್ನ ಒಳಗೆ ಬಿಡಲ್ಲವಲ್ಲ, ಗಾಜಿನ ಬಾಗಿಲ ಆಚೆ ನಿಂತ್ರು. ನಾನು ಕೌಂಟರಿಗೆ ಹೋದೆ. ನನ್ನ ಬಟ್ಟೆ ಬ್ಯಾಗು ತೂಗಿ ಒಳಗೆ ಕಳಿಸಿದ್ರು. ಕೌಂಟರಿನ ಹುಡುಗಿ ನಾಯಿ ನೋಡಿ, ಅಯ್ಯೋ ಎಷ್ಟು ಮುದ್ದಾಗಿದೆ ಆಂಟಿ ಅಂತ ಕಣ್ಣರಳಿಸಿದಳು. ಚೀಲಾನ ತಕ್ಕಡಿ ಮೇಲಿಡಿ ಅಂದಳು. ಇಟ್ಟೆ. ಅವಳ ಮುಖ ಸಣ್ಣದಾಯ್ತು.

"ಏಳು ಮುಕ್ಕಾಲು ಬರ್ತಿದೆ ಆಂಟಿ."

"ಇಲ್ಲಮ್ಮಾ, ಐದೂಮುಕ್ಕಾಲು. ನಮ್ಮನೆಯವರೇ ತೂಗಿದ್ದು, ಮಂಡೀಲಿ."

"ಚೀಲ ಸೇರಿ ಏಳು ಇರ್ಬೇಕು ಆಂಟಿ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯ್ತು, ಶಿವನೇ ಅಂತ ಹಣೆ ಒತ್ಕೊಂಡೆ. ಫೋನ್ ಹಚ್ಚಿದೆ. ಗಾಜಿನ ಆಚೆ ಅವರು ಜೇಬಿಂದ ಫೋನ್ ತೆಗೆಯೋದು ಕಾಣ್ತಿತ್ತು.

"ರೀ, ಚೀಲದ ತೂಕ ಕಳೆದಿದ್ರಾ?"

"ಮತ್ತೆ? ಮೊದಲು ಎಲ್ಲಾ ಸೇರಿ ತೂಗಿದೆ, ಆಮೇಲೆ ಖಾಲಿ ಚೀಲ ತೂಗಿದೆ, ಕಳೆದೆ. ಮಾಲಿನ ತೂಕ ಹೇಳಿದೆ."

"ಇವರು ಚೀಲಾನೂ ಲೆಕ್ಕಕ್ಕೆ ಹಿಡೀತಾರಂತೆ!"

"ಚೀಲದ ತೂಕ ಹಿಡಿಯೋದಾ? ಯಾವ ಸೀಮೆ ವ್ಯಾಪಾರ ಅದು? ಮಂಡೀಲಿ ಹಾಗೆ ಮಾಡಿದ್ರೆ ರೈತರು ಅಂಗಡಿ ಮುಂದೆ ಕೂತು ಮಾನ ಹರಾಜು ಹಾಕ್ತಾರೆ. ಆ ಹುಡುಗಿಗೆ ಫೋನ್ ಕೊಡು, ನಾನು ಮಾತಾಡ್ತೀನಿ."

ಗಾಜಿನ ಆಚೆ ಅವರ ಇನ್ನೊಂದು ಕೈ ಗಾಳಿಯಲ್ಲಿ ಹಾರಾಡ್ತಿತ್ತು. ನ್ಯಾಯ ಅವರ ಕಡೇನೇ ಇತ್ತು, ಆದ್ರೆ ವಿಮಾನ ಅವರದ್ದಲ್ಲ. ಹುಡುಗಿ ಮೆತ್ತಗೆ ಹೇಳಿದಳು, "ನಾಯೀನ ಮನೆಯವರ ಕೈಗೆ ಕೊಟ್ಟು ನೀವೊಬ್ರೇ ಹೋಗಬಹುದು ಆಂಟಿ. ಇಲ್ಲಾಂದ್ರೆ ಇವತ್ತು ಕ್ಯಾನ್ಸಲ್."

ಸುಳ್ಳು ಯಾಕೆ ಹೇಳ್ಲಿ, ನನಗೆ ಖುಷಿಯಾಯ್ತು. ಹೊಟ್ಟೆಯಲ್ಲಿ ತಣ್ಣಗೆ ಹಾಲು ಹೊಯ್ದ ಹಾಗಾಯ್ತು. ನನ್ನ ತಪ್ಪಲ್ಲ, ಯಾರ ತಪ್ಪೂ ಅಲ್ಲ, ತಕ್ಕಡಿ ಬೇಡ ಅಂತು. ಆಟೋ ಹತ್ತಿ ಮನೆಗೆ ಹೋಗೋದು, ಬಿಸಿಲಲ್ಲಿ ಅದರ ಪಕ್ಕ ಮಲಗೋದು. ಸಂಜೆ ಅತ್ತಿಗೆಗೆ ಏನು ಹೇಳೋದು ಅನ್ನೋದೊಂದೇ. ಅವರು ಏನೂ ಅನ್ನಲ್ಲ, ಅದೂ ನನಗೆ ಗೊತ್ತಿತ್ತು. ಸರಿ ಬಿಡು ಅಂತ ಗೋಡೆ ಕಡೆ ತಿರುಗಿ ಮಲಗ್ತಾರೆ.

"ಏನ್ರೀ ಮಾಡ್ಲಿ? ವಾಪಸ್ ಬರ್ಲಾ?" ಅಂದೆ. ಬಾ ಅಂತಾರೆ ಅಂತ ಕಾದೆ. ಅದರ ಮೇಲೆ ನನಗಿಂತ ಜಾಸ್ತಿ ಪ್ರಾಣ ಇಟ್ಕೊಂಡಿದ್ದ ಮನುಷ್ಯ.

ಗಾಜಿನ ಆಚೆ ಗಾಳಿಯಲ್ಲಿದ್ದ ಕೈ ಕೆಳಗೆ ಬಂತು.

"ಕೋಟು ತೆಗಿ," ಅಂದ್ರು.

"ಆಂ?"

"ಚೀಲದ ತಳದಲ್ಲಿ ಕೋಟಿದೆಯಲ್ಲ, ಅದೇ ಮುಕ್ಕಾಲು ಕೆಜಿ ಮೇಲೆ ಬರುತ್ತೆ. ತೆಗಿ."

"ತೆಗೆದು ಎಲ್ಲಿಡ್ಲಿ? ನನ್ನ ಬ್ಯಾಗು ಆಗ್ಲೇ ಒಳಗೆ ಹೋಯ್ತು."

"ಹಾಕ್ಕೋ. ಕೈಯಲ್ಲಿ ಹಿಡ್ಕೊಂಡ್ರೆ ಅದನ್ನೂ ತೂಗ್ತೀನಿ ಅಂದಾರು. ಉಟ್ಟ ಬಟ್ಟೇನ ಯಾವ ಊರಲ್ಲೂ ಯಾರೂ ತೂಗಲ್ಲ." ಆಮೇಲೆ ದನಿ ತಗ್ಗಿಸಿ, "ಅಲ್ಲಿ ಅವರು ಉಪವಾಸ ಕೂತಿದಾರೆ. ಹೋಗಿ ಬಾ," ಅಂದ್ರು.

ನಾನು ಅಷ್ಟು ಜನರ ಮುಂದೆ ಇಳಕಲ್ ಸೀರೆ ಮೇಲೆ ಅಣ್ಣನ ಸುಟ್ಟ ಕೋಟು ಹಾಕ್ಕೊಂಡೆ. ತೋಳು ಬೆರಳು ದಾಟಿ ಜೋತಾಡ್ತಿತ್ತು. ಚೀಲ ಮತ್ತೆ ತಕ್ಕಡಿ ಹತ್ತಿತು, ಏಳಕ್ಕೆ ಗುಲಗಂಜಿಯಷ್ಟು ಕಮ್ಮಿ. ಹುಡುಗಿ ನಕ್ಕು ಪಾಸ್ ಕೊಟ್ಟಳು. ತಿರುಗಿ ನೋಡಿದ್ರೆ ಗಾಜಿನ ಆಚೆ ನಮ್ಮನೆಯವರು ಇರಲಿಲ್ಲ. ಕಂಬದ ಹಿಂದೆ ಹೋಗಿ ನಿಂತಿದ್ರು, ಅಂಗಿಯ ತುದಿ ಮಾತ್ರ ಕಾಣ್ತಿತ್ತು.

ತಪಾಸಣೆಯಲ್ಲಿ ಹಿತ್ತಾಳೆ ಗುಂಡಿಗಳು ಕುಂಯ್ ಅಂದ್ವು. ಅಲ್ಲಿದ್ದ ಹೆಂಗಸು ಕೋಟಿನ ಸುಟ್ಟ ತೂತಿಗೆ ಬೆರಳಿಟ್ಟು, ಇದ್ಯಾಕಮ್ಮಾ ಈ ಬಿಸಿಲಲ್ಲಿ ಅಂದಳು. ಚಳಿ ಅಂದೆ. ಅವಳು ನನ್ನನ್ನ ನೋಡಿದ ನೋಟಕ್ಕೆ ನನಗೇ ನಗು ಬಂತು.

ವಿಮಾನ ಸಣ್ಣದು. ಎರಡೆರಡೇ ಸೀಟು, ನನಗೆ ಕಟ್ಟ ಕಡೇ ಸಾಲಿನ ಕಿಟಕಿ. ಚೀಲ ಕಾಲ ಹತ್ರ. ಚೀಲ ತೆರೀಬಾರದು ಅಂತ ಹೇಳಿದ್ರು. ಒಳಗೆ ಹಾಸೋಕೆ ಕೋಟಿಲ್ಲದೆ ಮಾರಾಯ್ತಿ ನಡುಗ್ತಿತ್ತು, ಜಾಲರಿಗೆ ಮೂತಿ ಒತ್ತಿ ಸಣ್ಣಗೆ ಅಳ್ತಿತ್ತು. ವಿಮಾನ ಓಡೋಕೆ ಶುರು ಮಾಡಿದಾಗ ಅದರ ಅಳು ಎಂಜಿನ್ ಸದ್ದಿನೊಳಗೆ ಸೇರಿ ಹೋಯ್ತು. ಏನು ಮಾಡೋದು ತಿಳೀದೆ ಕೋಟಿನ ಉದ್ದ ತೋಳನ್ನ ಕೆಳಗಿಳಿಸಿ ಜಾಲರಿಗೆ ತಾಗಿಸಿದೆ. ಅದು ಮೂಸ್ತು. ಮೂಸ್ತಾ ಮೂಸ್ತಾ ಸುಮ್ಮನಾಯ್ತು. ನೆಲ ಬಿಟ್ಟಿದ್ದು ಯಾವಾಗ ಅಂತ ನನಗೆ ಗೊತ್ತೇ ಆಗಲಿಲ್ಲ.

ಕಿಟಕಿಯಲ್ಲಿ ನೋಡಿದ್ರೆ ಕೆಳಗೆ ಭದ್ರೆ ಹೊಳೀತಾ ಇದ್ದಳು. ಅದರ ಪಕ್ಕ ಭದ್ರಾವತಿ, ಅಷ್ಟು ದೊಡ್ಡ ಊರು, ಊದಿದ್ರೆ ಹಾರಿ ಹೋಗೋ ಅಷ್ಟು ಸಣ್ಣದು. ಕಾರ್ಖಾನೆ ಚಿಮಣಿ ಕಂಡಿತು. ಕ್ವಾರ್ಟರ್ಸಿನ ಸಾಲು ಕಂಡಿತೋ ಇಲ್ಲವೋ, ನಾನು ಕಂಡೆ ಅಂತಲೇ ತಿಳ್ಕೊಂಡೆ. ಅಲ್ಲೊಂದು ಬಾಗಿಲು, ಬಾಗಿಲ ಪಕ್ಕ ಒಂದು ಬರೀ ಮೊಳೆ. ಆಮೇಲೆ ಎಲ್ಲದರ ಮೇಲೂ ಮೋಡ ಬಂತು. ಹಾಸಿಗೆ ಅಂಗಡಿ ಮುಂದೆ ಹಿಂಜಿ ಹರಡಿದ ಹತ್ತಿಯ ಹಾಗಿತ್ತು. ಅದರ ಮೇಲೆ ನಮ್ಮ ವಿಮಾನದ ಪುಟ್ಟ ನೆರಳು ಓಡ್ತಿತ್ತು.

ಕೋಟು ಬೆಚ್ಚಗಿತ್ತು. ಕಬ್ಬಿಣ, ಬೇವಿನ ಸೋಪು, ನಾಯಿ ಕೂದಲು, ಮತ್ತೆ ಅಣ್ಣ. ಕಾಲರಿಗೆ ಮೂಗು ತಾಗಿಸಿದ್ರೆ ಅವನೇ ಪಕ್ಕದಲ್ಲಿ ಕೂತ ಹಾಗೆ. ಪಕ್ಕದ ಸೀಟು ಖಾಲಿ ಇತ್ತು ಬೇರೆ. ಎಂಜಿನ್ ಸದ್ದು ದೂರ ದೂರ ಹೋಗಿ, ಚಿಕ್ಕಂದಿನಲ್ಲಿ ಅಣ್ಣನ ಕ್ವಾರ್ಟರ್ಸಿಗೆ ರಜಕ್ಕೆ ಹೋದಾಗ ಕೇಳ್ತಿದ್ದ ಸೈರನ್ನಿನ ಹಾಗೆ ಕೇಳೋಕೆ ಶುರುವಾಯ್ತು. ನಿದ್ದೆಯೋ ಎಚ್ಚರವೋ ಹೇಳಲಾರೆ.

ಎಲ್ಲಿಗೆ ಹೊರಟೆ ಮಾರಾಯ್ತಿ, ಅಂದ ಅಣ್ಣ.

ಅತ್ತಿಗೆ ಹತ್ರ, ನಾಯಿ ಕೊಡೋಕೆ.

ಕೊಟ್ಟುಬಿಡ್ತೀಯಾ?

ಕೊಡದೆ ಏನು ಮಾಡ್ಲಿ ಹೇಳು. ಅವರು ಊಟ ಮಾಡ್ತಿಲ್ಲ.

ಅವನು ಕಿಟಕಿಯಾಚೆ ನೋಡ್ತಾ ಕೂತ. ಬಲಗಡೆ ಜೇಬಿಗೆ ಕೈ ಹಾಕಿ ಏನೋ ಹುಡುಕಿದ. ಅದು ನನ್ನ ಕೈಯೇ ಆಗಿತ್ತು. ಬಿಸ್ಕತ್ತಿನ ಪುಡಿ ಉಗುರಿಗೆ ಸಿಕ್ಕಿತು.

ಒಳಗೆ ಹೋಗೋ ಮೊದಲು ಕೋಟು ಬಿಚ್ಚಿಡು, ಬೈತಾಳೆ, ಅಂದ.

ಎಚ್ಚರಾದಾಗ ವಿಮಾನ ಇಳೀತಿತ್ತು. ಕೆಳಗೆ ಬಂಡೆಗಳು, ಕಟ್ಟಡಗಳು, ಕೊನೆಯಿಲ್ಲದ ಊರು. ಮಾರಾಯ್ತಿ ತೋಳಿನ ತುದೀನ ಜಾಲರಿ ಮೂಲಕವೇ ಬಾಯಲ್ಲಿ ಕಚ್ಕೊಂಡು ನಿದ್ದೆ ಮಾಡಿತ್ತು. ನನ್ನ ಕೆನ್ನೆ ಒದ್ದೆಯಾಗಿತ್ತು. ವಿಮಾನ ಇನ್ನೂ ಸ್ವಲ್ಪ ಹೊತ್ತು ಮೇಲೇ ಇರಲಿ ಅಂತ ಬೇಡ್ಕೊಂಡೆ, ಅದು ಇಳಿದೇ ಇಳೀತು.

ಹೊರಗೆ ಹೋಗೋ ಮೊದಲು ಕೋಟು ಬಿಚ್ಚಿ ಬ್ಯಾಗಿಗೆ ತುರುಕೋದು ಅಂತ ಗಟ್ಟಿ ಮಾಡ್ಕೊಂಡಿದ್ದೆ. ಅಲ್ಲಿನ ಗದ್ದಲ ಕೇಳಬೇಕಾ? ನಾಯಿ ಎದ್ದು ಬೊಗಳೋಕೆ ಶುರು ಮಾಡ್ತು, ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಬ್ಯಾಗಿನ ಗಾಡಿ, ಜನ ಹಿಂದಿನಿಂದ ದೂಡ್ತಿದ್ರು. ಬಾಗಿಲು ತಾನಾಗೇ ತೆರ್ಕೊಳ್ತು. ಕಂಬಿಯ ಆಚೆ ಅಣ್ಣನ ಮಗಳು, ಅವಳ ಭುಜ ಹಿಡ್ಕೊಂಡು ಅತ್ತಿಗೆ. ಅಷ್ಟು ದೊಡ್ಡ ಹೆಂಗಸು ಅರ್ಧ ಆಗಿದ್ರು. ಹಣೆ ಮೇಲಿನ ವಿಭೂತಿಯೊಂದೇ ಮೊದಲಿನ ಹಾಗಿತ್ತು.

ನಾನು ಚೀಲ ಎತ್ತಿ ತೋರಿಸಿದೆ. ಅವರು ಚೀಲ ನೋಡಲಿಲ್ಲ.

ಅವರ ಕಣ್ಣು ಎಲ್ಲಿ ನಿಂತಿದೆ ಅಂತ ಗೊತ್ತಾದಾಗ ನನಗೆ ಕೋಟು ನೆನಪಾಯ್ತು. ತರಬೇಡ ಅಂತ ಬಾಯಿ ಬಿಟ್ಟು ಹೇಳಿದ್ದ ಒಂದೇ ಒಂದು ಮಾತು. ಅದನ್ನ ನಾನು ಮೈಮೇಲೆ ಹಾಕ್ಕೊಂಡು ಬಂದಿದೀನಿ. "ಅತ್ತಿಗೆ, ತಪ್ಪು ತಿಳೀಬೇಡಿ, ತೂಕ ಜಾಸ್ತಿ ಬಂತು, ಚೀಲದ ತೂಕ ಕಳೆದುಬಿಟ್ಟಿದ್ರು ಇವರು, ಅದಕ್ಕೇ..." ಅಂತ ಏನೇನೋ ಬಡಬಡಿಸಿದೆ. ಅವರು ಕಂಬಿ ಸುತ್ತಿ ಬಂದು ನನ್ನ ಮುಂದೆ ನಿಂತು ಮೇಲಿನ ಗುಂಡಿ ಹಿಡ್ಕೊಂಡ್ರು. ಹಾಗೇ ಹಿಡ್ಕೊಂಡಿದ್ರು. ಬಿಚ್ಚಲಿಲ್ಲ, ಬಿಡಲೂ ಇಲ್ಲ. ಚೀಲದೊಳಗಿಂದ ಮಾರಾಯ್ತಿ ಅವರ ದನಿ ಇಲ್ಲದೇನೇ ಅವರನ್ನ ಗುರುತು ಹಿಡಿದು ಊಳಿಡೋಕೆ ಶುರು ಮಾಡ್ತು.

ಫ್ಲಾಟಿನ ಬಾಗಿಲಿಗೆ ಬಂದಾಗ ನಾನು ಹೊರಗೇ ನಿಂತು ಕೋಟು ಬಿಚ್ಚಿದೆ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಎಲ್ಲಿಡೋದು ಅಂತ ನೋಡ್ತಿದ್ದೆ. ಅತ್ತಿಗೆ ಒಳಗೆ ಹೋದವರು ತಿರುಗಿ ಬಂದ್ರು.

"ಇಲ್ಲಿ ಕೊಡು," ಅಂದ್ರು.

"ಹೊರಗೇ ಇಡ್ತೀನಿ ಅತ್ತಿಗೆ."

"ಕೊಡೇ ಇವಳೇ. ಇಷ್ಟು ವರ್ಷ ಹೊರಗೇ ಇತ್ತಲ್ಲ ಪಾಪ." ಕೋಟನ್ನ ಎರಡೂ ಕೈಯಲ್ಲಿ ಎದೆಗೆ ಅವಚ್ಕೊಂಡು ಹೊಸ್ತಿಲು ದಾಟಿದ್ರು. ಸೀದಾ ಒಳಗೆ, ಅಡುಗೆ ಮನೆವರೆಗೂ. ನಾನು ಚೀಲದ ಜಿಪ್ ಎಳೆದೆ. ನಾಯಿ ಹಾರಿ ಅವರ ಹಿಂದೆ ಓಡ್ತು. ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಲಿ ಅಂತ ನಾನೂ ಕರೀಲಿಲ್ಲ.

ಬೆಳಿಗ್ಗೆ ನನಗೆ ಎಚ್ಚರಾದದ್ದು ರೊಟ್ಟಿ ತಟ್ಟೋ ಸದ್ದಿಗೆ. ಎದ್ದು ಹೋಗಿ ನೋಡಿದೆ. ಅಡುಗೆ ಮನೆ ಬಾಗಿಲ ಹಿಂದಿನ ಕೊಕ್ಕೆಗೆ ಕೋಟು, ಕೋಟಿನ ಕೆಳಗೆ ನಾಯಿ. ಅಣ್ಣನ ಮಗಳು ಗೋಡೆಗೆ ಒರಗಿ, ಬಾಯಿಗೆ ಸೆರಗಿನ ಹಾಗೆ ದುಪಟ್ಟಾ ಒತ್ಕೊಂಡು ನಿಂತಿದ್ದಳು. ಮೊದಲ ರೊಟ್ಟಿ ಮುರಿದು ಆರಿಸಿ ತುಪ್ಪ ಸವರಿ ಕೆಳಗೆ ಹೋಯ್ತು. ಎರಡನೇದನ್ನ ಅತ್ತಿಗೆ ಒಲೆ ಮುಂದೆ ನಿಂತ ಹಾಗೇ, ಬಿಸಿ ಬಿಸಿ ತಾವೇ ತಿಂದ್ರು. ನನಗೆ ಮೂರನೇದು ಸಿಕ್ಕಿತು.

ಸ್ವಲ್ಪ ದಿನ ಇದ್ದು ವಾಪಸ್ ಬಂದೆ. ಸೋಗಾನೆಯಲ್ಲಿ ಬಾಗಿಲ ಹೊರಗೆ ನಮ್ಮನೆಯವರು ನಿಂತಿದ್ರು. ಮೊದಲು ನನ್ನ ಮುಖ ನೋಡಲಿಲ್ಲ, ಕೈ ನೋಡಿದ್ರು. ನಾನು ಚೀಲ ಕೊಟ್ಟೆ. ಜಾಲರಿಗೆ ಬಿಳೀ ಕೂದಲು ಇನ್ನೂ ಅಂಟ್ಕೊಂಡಿತ್ತು. ಅಭ್ಯಾಸದ ಹಾಗೆ ಒಂದು ಸಲ ಮೇಲೆ ಕೆಳಗೆ ಆಡಿಸಿದ್ರು. ತೂಕ ಹೇಳ್ತಾರೇನೋ ಅಂತ ಕಾದೆ, ಹೇಳಲಿಲ್ಲ.

"ಅವರು ಊಟ ಮಾಡ್ತಿದಾರಾ?" ಅಂದ್ರು.

"ಮಾಡ್ತಿದಾರೆ. ಎರಡು ರೊಟ್ಟಿ."

"ಅದು?"

"ಅದೂ."

ಸರಿ ನಡಿ ಅಂದ್ರು. ನಾನು ನನ್ನ ಬ್ಯಾಗು ತೊಡೆ ಮೇಲಿಟ್ಕೊಂಡು ಸ್ಕೂಟರಿನ ಹಿಂದೆ ಕೂತೆ. ಅವರು ಖಾಲಿ ಚೀಲಾನ ಮುಂದೆ, ಮಾರಾಯ್ತಿ ನಿಲ್ತಿದ್ದ ಜಾಗದಲ್ಲಿ ನಿಲ್ಲಿಸಿ, ವಿದ್ಯಾನಗರ ಬರೋವರೆಗೂ ಎಡಗೈಯಲ್ಲಿ ಅದನ್ನ ಹಿಡ್ಕೊಂಡೇ ಸ್ಕೂಟರ್ ಓಡಿಸಿದ್ರು.